ಕಡಕೊಳದ ಹೊಲದ ಕೆಂಪು

ಗೆಳೆಯರೇ, ಹಳೆಯ ಫೋಟೋ ಸ್ಲೈಡುಗಳ ಬಣ್ಣ ಸರಿಪಡಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ಇವತ್ತು ಬೆಳಿಗ್ಗೆ ಹನ್ನೊಂದರವರೆಗೂ ಇತ್ತು.

ಕಡಕೊಳದ ಶಿವಣ್ಣ ತಮ್ಮ ಹೊಲದ ಸ್ಲೈಡೊಂದನ್ನು ಕೊಟ್ಟಿದ್ದರು. ಹೊಲ ಕಾರ್ಖಾನೆಗೆ ಹೋಗುವ ಮುಂಚೆ ಅವರ ಚಿಕ್ಕಪ್ಪ ತೆಗೆದದ್ದು. ಸ್ಕ್ಯಾನ್ ಮಾಡಿದರೆ ಆಕಾಶದಿಂದ ಮಣ್ಣಿನವರೆಗೆ ಎಲ್ಲ ಕೆಂಪು. ಹಳೆಯ ಫಿಲಂ ಮಾಸುವುದೇ ಹಾಗೆ. ಮೂರು ವಾರ ಕೂತು ಆ ಕೆಂಪನ್ನೆಲ್ಲ ತೆಗೆದೆ. ಆಕಾಶ ನೀಲಿಯಾಯಿತು, ರಾಗಿ ಪೈರು ಹಸಿರಾಯಿತು, ಮಣ್ಣು ಒಳ್ಳೆ ಕಪ್ಪಾಯಿತು.

ಇವತ್ತು ಶಿವಣ್ಣ ತಮ್ಮ ತಾಯಿಯನ್ನು ಜಯಲಕ್ಷ್ಮಿಪುರಂನ ನನ್ನ ಮನೆಗೆ ಕರೆತಂದರು. ಆಕೆ ಪರದೆ ನೋಡಿ, "ಇದ್ಯಾರ ಹೊಲ?" ಎಂದರು.

"ನಮ್ದೇ ಕಣವ್ವ," ಎಂದರು ಶಿವಣ್ಣ.

"ನಮ್ದು ಕೆಂಪು ಮಣ್ಣು ಕಣ್ಲಾ."

ನಾನು ಪಾಠ ಶುರು ಮಾಡಿದೆ. "ಅಮ್ಮಾ, ಅದು ಫಿಲಂ ಮಾಸಿ ಬಂದಿರೋ ಕೆಂಪು."

"ದಿನಾ ಆ ಮಣ್ಣ ಕಾಲಿಂದ ತೊಳ್ಕಂಡೋಳು ನಾನು," ಎಂದರು ಆಕೆ.

ಬಣ್ಣ ಹೊಂದಿಸಲು ಅಲ್ಲಿಂದ ಒಂದು ಹಿಡಿ ಮಣ್ಣು ತನ್ನಿ ಎಂದು ಶಿವಣ್ಣನಿಗೆ ಹೇಳಿದೆ. "ಎಲ್ಲಾ ಕಾಂಕ್ರೀಟು ಸಾರ್. ಗೇಟಿಂದ ಒಳಕ್ಕೂ ಬುಡಲ್ಲ," ಎಂದರು.

ಕೊನೆಗೆ ಮೊದಲಿನ ಕೆಂಪು ಸ್ಕ್ಯಾನನ್ನೇ ತೆರೆದು ತೋರಿಸಿದೆ. ಆಕೆ ಪರದೆಯ ಹತ್ತಿರಕ್ಕೆ ಬಂದರು. "ಆಕಾಸ ಎಂಗಾರ ಇರ್ಲಿ, ಮಣ್ಣು ನಮ್ದೇ. ಇದ್ನೇ ಕೊಡಪ್ಪ."

ಅದನ್ನೇ ಪ್ರಿಂಟ್ ಹಾಕಿ ಕೊಟ್ಟೆ.

ಹೊಲ ತೆಗೆದುಕೊಂಡವರು ಅದಕ್ಕೆ ಅಭಿವೃದ್ಧಿ ಅಂದಿದ್ದರಂತೆ. ನಾನು ರಿಪೇರಿ ಅಂದೆ, ಅಷ್ಟೇ ವ್ಯತ್ಯಾಸ.