ಎಡಚಿಯ ಸಹಿ ಇದ್ದ ಪ್ಯಾರಾಶೂಟ್

ಮಡಿಸುವ ಕೋಣೆಗೆ ಕಾಲಿಡುವ ಮೊದಲು ಉಂಗುರ, ಬಳೆ, ಗಡಿಯಾರ, ತಲೆಪಿನ್ನು ಎಲ್ಲವನ್ನೂ ಬಾಗಿಲ ಬಳಿಯ ತಗಡಿನ ಪೆಟ್ಟಿಗೆಗೆ ಹಾಕಬೇಕಿತ್ತು. ಸಮವಸ್ತ್ರದ ಜೇಬುಗಳನ್ನು ಹೊಲಿದು ಮುಚ್ಚಿರುತ್ತಿದ್ದರು. ಒಳಗೆ ನಲವತ್ತು ಅಡಿ ಉದ್ದದ ಏಳು ಮೇಜುಗಳಿದ್ದವು. ಬಟ್ಟೆಗೆ ಒಂದು ಸಿಬಿರೂ ತಗುಲದಂತೆ ಅವುಗಳ ಮರವನ್ನು ಉಜ್ಜಿ ನುಣುಪು ಮಾಡಿದ್ದರು. ಮೂರನೆಯ ಮೇಜಿನ ಬಳಿ ನಿಂತು ಹನ್ನೊಂದು ವರ್ಷ ಸೇನೆಯ ಪ್ಯಾರಾಶೂಟ್‌ಗಳನ್ನು ಮಡಿಸಿದ ಹೆಂಗಸನ್ನು ಎಲ್ಲರೂ ಎಡಚಿ ಎಂದು ಕರೆಯುತ್ತಿದ್ದರು. ಅವಳಿಗೆ ಅದರಿಂದ ಬೇಸರವಿರಲಿಲ್ಲ. ಶಾಲೆಯಲ್ಲಿ ಎಡಗೈಯಲ್ಲಿ ಬರೆದದ್ದಕ್ಕೆ ಗೆಣ್ಣಿನ ಮೇಲೆ ಪೆಟ್ಟು ತಿಂದವಳಿಗೆ, ಬರೀ ಹೆಸರಿನಲ್ಲೇ ಬಿಟ್ಟುಬಿಡುವ ಜನ ಒಳ್ಳೆಯವರಾಗಿಯೇ ಕಂಡರು.

ಈ ಕಥನವನ್ನು ಅವಳು ನಾಲ್ಕು ಮಧ್ಯಾಹ್ನಗಳಲ್ಲಿ, ಹಿಂದುಮುಂದಾಗಿ ಹೇಳಿದಳು. ಇಲ್ಲಿ ಅದನ್ನು ನಡೆದ ಕ್ರಮಕ್ಕೆ ತಂದಿದೆ.

ಕೆಲಸದ ವಿಧಾನ ಹೀಗಿತ್ತು. ಬಟ್ಟೆಯನ್ನು ಮೇಜಿನುದ್ದಕ್ಕೂ ಹಾಸಿ, ಹಗ್ಗಗಳನ್ನು ಬಿಡಿಸಿ, ಮಡಿಕೆಯ ಮೇಲೆ ಮಡಿಕೆ ಹಾಕುತ್ತಾ ಹೋಗಬೇಕು. ಹಾಕಿದ ಮಡಿಕೆ ಸರಿಯದಂತೆ ಮರಳು ತುಂಬಿದ ಸಣ್ಣ ಚೀಲಗಳನ್ನು ಇಡಬೇಕು. ಹಗ್ಗಗಳ ಕಟ್ಟನ್ನು ನೂಲಿನಿಂದ ಬಿಗಿಯಬೇಕು. ಪ್ರತಿ ಹಂತದಲ್ಲೂ ಕೈಯೆತ್ತಿ ಪರೀಕ್ಷಕಿಯನ್ನು ಕರೆಯಬೇಕು. ಅವಳು ನೋಡಿ ತಲೆಯಾಡಿಸಿದ ಮೇಲೆಯೇ ಮುಂದಿನ ಹಂತ. ಕೊನೆಗೆ ಕಾರ್ಡಿನ ಮೇಲೆ ಎರಡು ಸಹಿ, ಮಡಿಸಿದವಳದ್ದು ಮತ್ತು ನೋಡಿದವಳದ್ದು. ಇದರ ಜೊತೆಗೆ ಇನ್ನೊಂದು ನಿಯಮವಿತ್ತು: ಮಡಿಸುವ ಪ್ರತಿಯೊಬ್ಬರೂ ವರ್ಷಕ್ಕೊಮ್ಮೆ, ಮೊದಲೇ ಗೊತ್ತುಮಾಡಿದ ದಿನ, ತಾವೇ ಮಡಿಸಿದ ಪ್ಯಾರಾಶೂಟನ್ನು ಬೆನ್ನಿಗೆ ಕಟ್ಟಿಕೊಂಡು ವಿಮಾನದಿಂದ ಜಿಗಿಯಬೇಕು.

ಮೊದಲ ನಾಲ್ಕು ವರ್ಷ ಎಡಚಿ ಹಾಗೆಯೇ ಜಿಗಿದಳು. ನಾಲ್ಕನೆಯ ಸಲ, ಬಾಗಿಲು ಬಿಟ್ಟು ಬಟ್ಟೆ ಬಿಚ್ಚಿಕೊಳ್ಳುವವರೆಗಿನ ಮೂರು ಸೆಕೆಂಡಿನಲ್ಲಿ, ತಾನು ಹಾಕಿದ ಮಡಿಕೆಗಳನ್ನು ಒಂದೊಂದಾಗಿ ನೆನೆದಳು. ಐದನೆಯದು ನೆನಪಿಗೆ ಬರಲಿಲ್ಲ. ಹಾಕಿದ್ದಳೋ ಇಲ್ಲವೋ ತಿಳಿಯಲಿಲ್ಲ. ಪ್ಯಾರಾಶೂಟ್ ಸರಿಯಾಗಿಯೇ ಬಿಚ್ಚಿಕೊಂಡಿತು, ಕಾಲು ನೆಲಕ್ಕೆ ಮೆತ್ತಗೆ ತಾಗಿತು. ಆದರೆ ಅವತ್ತು ಕೂತ ಭಯ ಏಳಲಿಲ್ಲ. ಬೇರೆಯವರಿಗೆ ಮಡಿಸುವಾಗ ಕೈ ಅಲುಗುತ್ತಿರಲಿಲ್ಲ. ತನಗೆ ಎಂದು ಬಟ್ಟೆ ಹಾಸಿದರೆ ಬೆರಳುಗಳು ಮರಗಟ್ಟುತ್ತಿದ್ದವು.

ಮರುವರ್ಷ ಅವಳು ಪರೀಕ್ಷಕಿಯ ಬಳಿ ಹೋದಳು. ಎಲ್ಲರಿಗಿಂತ ಹದಿನೈದು ವರ್ಷ ಹಿರಿಯಳಾದ ಆಕೆಯನ್ನು ಕೋಣೆಯಲ್ಲಿ ದೊಡ್ಡಕ್ಕ ಎನ್ನುತ್ತಿದ್ದರು. ಅವಳು ಮಡಿಸಿದ್ದನ್ನು ಬಿಚ್ಚಿ ನೋಡಲು ಮನಸ್ಸು ಬಾರದು ಎಂದು ಅಧಿಕಾರಿಗಳೇ ಹೇಳುತ್ತಿದ್ದರಂತೆ. ಎಡಚಿಯ ಅಳಲನ್ನು ಕೇಳಿ ದೊಡ್ಡಕ್ಕ ನಕ್ಕಳು. "ಊರಿಗೆಲ್ಲ ಹಂಚೋಕೆ ಧೈರ್ಯ ಇದೆ, ಮನೆಗೆ ಒಂದು ಚಿಟಿಕೆ ಉಳಿಸ್ಕೊಂಡಿಲ್ಲ ನೋಡು ನೀನು," ಎಂದಳು. ಎಲ್ಲರೂ ಊಟಕ್ಕೆ ಹೋದ ಹೊತ್ತಿನಲ್ಲಿ ಅವಳೇ ಮಡಿಸಿಕೊಟ್ಟಳು. ಮಡಿಸಿದವಳ ಜಾಗದಲ್ಲಿ ಎಡಚಿ ಸಹಿ ಹಾಕಿದಳು. ನೋಡಿದವಳ ಜಾಗದಲ್ಲಿ ಎಂದಿನಂತೆ ದೊಡ್ಡಕ್ಕ. ಆರು ವರ್ಷ ಹೀಗೆಯೇ ನಡೆಯಿತು. ಆ ಒಂದು ಪ್ಯಾರಾಶೂಟನ್ನು ಎರಡನೆಯ ಕಣ್ಣು ನೋಡುತ್ತಲೇ ಇಲ್ಲ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ. ದೊಡ್ಡಕ್ಕನ ಕೈಗೆ ಇನ್ನೊಂದು ಕಣ್ಣು ಬೇಕೆಂದು ಯಾರಿಗೂ ಅನ್ನಿಸುತ್ತಿರಲಿಲ್ಲ.

ಏಳನೆಯ ವರ್ಷ, ಜಿಗಿಯಬೇಕಿದ್ದ ಬೆಳಿಗ್ಗೆ ಗಾಳಿ ಎದ್ದಿತು. ಜಿಗಿತವನ್ನು ಮುಂದೂಡಿದರು. ಎದೆಯ ಮೇಲಿಂದ ಕಲ್ಲು ಇಳಿದಂತಾಗಿ ಎಡಚಿ ಮಗಳನ್ನು ಶಿಶುವಿಹಾರದಿಂದ ಕರೆತರಲು ಓಡಿದಳು. ದೊಡ್ಡಕ್ಕ ಮಡಿಸಿಕೊಟ್ಟಿದ್ದ ಪ್ಯಾರಾಶೂಟನ್ನು ಬೇರೆಯಾಗಿ ಎತ್ತಿಡುವುದು ಮರೆತೇಹೋಯಿತು. ಯಾರೋ ಅದನ್ನು ಕಪಾಟಿನಲ್ಲಿ ಉಳಿದವುಗಳ ಜೊತೆ ಸೇರಿಸಿದರು. ನಾಲ್ಕನೆಯ ದಿನ ಅದು ಇಪ್ಪತ್ತೆರಡು ವರ್ಷದ ಒಬ್ಬ ಸೈನಿಕನ ಬೆನ್ನೇರಿ ಹೋಯಿತು. ಹಗ್ಗಗಳು ತಿರುಚಿಕೊಂಡು ಬಟ್ಟೆ ಅರ್ಧವಷ್ಟೇ ಬಿಚ್ಚಿತು. ಸೈನಿಕ ಬದುಕಿದ. ಎರಡೂ ಕಾಲು, ಸೊಂಟ ಮುರಿದವು.

ಕಾರ್ಡಿನ ಮೇಲಿದ್ದದ್ದು ಎಡಚಿಯ ಸಹಿ.

ಸೇನಾ ನ್ಯಾಯಾಲಯದ ಮುಂದೆ ವಿಚಾರಣೆ ಎಂದು ಆದೇಶವಾಯಿತು. ಕರ್ತವ್ಯದಲ್ಲಿ ನಿರ್ಲಕ್ಷ್ಯ, ಅದರಿಂದ ಸಹಸೈನಿಕನಿಗೆ ತೀವ್ರ ಗಾಯ. ಸಾಬೀತಾದರೆ ಐದು ವರ್ಷದವರೆಗೆ ಜೈಲು. ಆರೋಪಪತ್ರವನ್ನು ಓದಿ ಹೇಳುವಾಗ ಟೋಪಿ ಕಳಚಿಸಿದ್ದರು. ತಲೆ ಬರಿದಾದದ್ದಷ್ಟೇ ಅವಳಿಗೆ ನೆನಪಿದೆ, ಓದಿದ್ದು ನೆನಪಿಲ್ಲ. ವಸತಿಗೃಹ ಬಿಟ್ಟು ಕದಲಬಾರದೆಂದು ತಾಕೀತು ಮಾಡಿದರು. ಬಾಗಿಲ ಹೊರಗೆ ಪಹರೆ ಕೂತಿತು. ಪಹರೆಯವನ ಬೂಟು ಸದ್ದು ಮಾಡಿದಾಗಲೆಲ್ಲ ಕರೆದೊಯ್ಯಲು ಬಂದರೆಂದು ಎದ್ದು ನಿಲ್ಲುತ್ತಿದ್ದಳು. ಗಂಡ ಲಾರಿ ಓಡಿಸುತ್ತಿದ್ದವನು, ಕೆಲಸ ಬಿಟ್ಟು ಬಂದು ಪಟ್ಟಣದ ವಕೀಲರೊಬ್ಬರನ್ನು ಕಂಡ. ಅವರು ಕಾಗದ ತಿರುವಿಹಾಕಿ, ಇದು ನಮ್ಮ ಕೋರ್ಟಿನ ದಾರಿಯಲ್ಲ, ಸಮವಸ್ತ್ರದವರ ದಾರಿ ಸಮವಸ್ತ್ರದವರಿಗೇ ಗೊತ್ತು ಎಂದು ಹಿಂದಿರುಗಿಸಿದರು. ಊರಿನಿಂದ ಬಂದ ಅತ್ತೆ ಸಮಾಧಾನ ಹೇಳಿದಳು: "ಮಗೂನ ನಾನು ನೋಡ್ಕೋತೀನಿ. ನೀನು ಬರೋ ಹೊತ್ತಿಗೆ ನಿನ್ನ ಗುರುತು ಮರೆತಿರುತ್ತೆ ಅಂತೇನೂ ಹೆದರ್ಕೋಬೇಡ." ಆ ಭಯ ಅಲ್ಲಿಯವರೆಗೆ ಎಡಚಿಗೆ ಇರಲಿಲ್ಲ. ಅಂದಿನಿಂದ ಅದೊಂದೇ ಉಳಿಯಿತು.

ಆರೋಪಿಯ ಪರವಾಗಿ ಒಬ್ಬ ಅಧಿಕಾರಿ ನಿಲ್ಲಬೇಕೆಂಬುದು ನಿಯಮ. ಅವಳು ಹೆಸರಿಸಿದ ಇಬ್ಬರು ಆಗದು ಎಂದುಬಿಟ್ಟರು. ವಿಚಾರಣೆಗೆ ಆದೇಶಿಸಿದ ಕಮಾಂಡರೇ ಅವರ ವಾರ್ಷಿಕ ವರದಿಯನ್ನೂ ಬರೆಯುವವರು. ಅವರ ಎದುರು ನಿಂತು ವಾದಿಸುವುದೆಂದರೆ ತಮ್ಮ ಬಡ್ತಿಯ ಬುಡಕ್ಕೆ ತಾವೇ ಕೊಡಲಿ ಹಾಕಿದಂತೆ. ಮೂರನೆಯವರಾಗಿ ಬಂದದ್ದು ಸೇನಾ ಆಸ್ಪತ್ರೆಯ ಹಲ್ಲಿನ ಡಾಕ್ಟರು. ತೆಳ್ಳಗಿನ ಮನುಷ್ಯ, ಬಗಲಲ್ಲಿ ದಾರ ಕಟ್ಟಿದ ದಪ್ಪ ಕಡತ.

"ನಾನು ವಕೀಲನಲ್ಲಮ್ಮ," ಎಂದೇ ಮಾತು ಶುರುಮಾಡಿದರು. "ಜನರ ಬಾಯಿ ತೆರೆಸೋದು, ಮುಚ್ಚಿಸೋದು, ಇಷ್ಟೇ ನನಗೆ ಬರೋದು. ನಿನ್ನ ವಿಷಯದಲ್ಲಿ ಸದ್ಯಕ್ಕೆ ಮುಚ್ಚಿಸೋದು. ನಾನಿಲ್ಲದೆ ಯಾರು ಏನು ಕೇಳಿದರೂ ಉತ್ತರ ಕೊಡಬೇಡ."

ಎರಡು ಗಂಟೆ ಕೂತು, ಮಡಿಸುವ ಕೆಲಸದ ಪ್ರತಿ ಹಂತವನ್ನೂ ಹೇಳಿಸಿ ಬರೆದುಕೊಂಡರು. ಅವಳು ಎಲ್ಲವನ್ನೂ ಹೇಳಿದಳು, ಒಂದನ್ನು ಬಿಟ್ಟು. ಹೊರಡುವಾಗ ಕಡತ ಜಾರಿ ಹಾಳೆಗಳು ಹರಡಿದವು. ಅವಳು ಅವನ್ನು ಕೂಡಿಸಿ, ಅಭ್ಯಾಸಬಲದಿಂದ ದಾರವನ್ನು ಬಿಗಿದು ಗಂಟು ಹಾಕಿಕೊಟ್ಟಳು. ಡಾಕ್ಟರು ಗಂಟನ್ನೇ ನೋಡುತ್ತಾ ಹೋದರು.

ಮರುದಿನ ಬಂದವರು ಕೂರಲೂ ಇಲ್ಲ. ಒಂದು ಫೋಟೋವನ್ನು ಮೇಜಿನ ಮೇಲಿಟ್ಟರು. ಅಪಘಾತದ ಪ್ಯಾರಾಶೂಟಿನ ಹಗ್ಗದ ಕಟ್ಟು. ನೂಲಿನ ಒಂದು ಗಂಟು ಹರಿಯದೆ ಉಳಿದಿತ್ತು.

"ನಿನ್ನೆ ನೀನು ಹಾಕಿದ ಗಂಟನ್ನ ನಾನಿನ್ನೂ ಬಿಚ್ಚಿಲ್ಲ. ಅದರ ತುದಿ ಎಡಕ್ಕೆ ಹೋಗುತ್ತೆ. ಇದರದ್ದು ಬಲಕ್ಕೆ. ಕಪಾಟಿನಲ್ಲಿ ನಿನ್ನ ಸಹಿ ಇರೋ ಹದಿನಾಲ್ಕನ್ನೂ ನೋಡಿ ಬಂದೆ, ಎಲ್ಲವೂ ಎಡಕ್ಕೇ." ಆಮೇಲೆ ಧ್ವನಿ ತಗ್ಗಿಸಿದರು. "ಇದನ್ನ ಮಡಿಸಿದ್ದು ಯಾರಮ್ಮ?"

ಅದು ತನ್ನನ್ನು ಉಳಿಸುವ ಮಾತೆಂದು ಅವಳಿಗೆ ಅನ್ನಿಸಲಿಲ್ಲ. ಸಿಕ್ಕಿಬಿದ್ದೆ ಎಂದಷ್ಟೇ ಅನ್ನಿಸಿತು. ಆದರೂ ಎಲ್ಲವನ್ನೂ ಹೇಳಿದಳು; ಹೇಳಿ, ಕೋರ್ಟಿನಲ್ಲಿ ಮಾತ್ರ ಹೇಳಲಾರೆ ಎಂದಳು. ದೊಡ್ಡಕ್ಕನಿಗೆ ನಿವೃತ್ತಿಗೆ ಹದಿನಾಲ್ಕು ತಿಂಗಳಿತ್ತು. ಉಪಕಾರ ಮಾಡಿದವಳನ್ನು ಹಿಡಿದುಕೊಟ್ಟು ಯಾವ ಮುಖ ಹೊತ್ತು ಬದುಕುವುದು? ಅದಕ್ಕಿಂತ ಹೆಚ್ಚಾಗಿ, ತನ್ನ ಕೈಯ ಮಡಿಕೆಯನ್ನು ತಾನೇ ನಂಬುತ್ತಿರಲಿಲ್ಲವೆಂದು ತುಂಬಿದ ಸಭೆಯಲ್ಲಿ ಹೇಳುವುದು ಹೇಗೆ?

ಡಾಕ್ಟರು ಒತ್ತಾಯಿಸಲಿಲ್ಲ. ಬರೀ ಗಂಟನ್ನು ತೋರಿಸಿದರೆ, ಒಂದು ದಿನ ಬಲಗೈಯಲ್ಲಿ ಕಟ್ಟಿದ್ದಾಳೆ ಎಂದುಬಿಡುತ್ತಾರೆ, ಅವಳ ಬಾಯಿಮಾತು ಬೇಕೇಬೇಕು ಎಂದು ವಿವರಿಸಿದರು. ಹೇಳಿದರೆ ಸುಳ್ಳು ಸಹಿಯ ಶಿಕ್ಷೆ ತಪ್ಪದು, ಆದರೆ ಅದು ತಿಂಗಳುಗಳ ಲೆಕ್ಕ. "ನಾನು ಎದ್ದು ಒಂದೇ ಪ್ರಶ್ನೆ ಕೇಳ್ತೀನಿ, ಮಡಿಸಿದ್ದು ಯಾರು ಅಂತ. ಉತ್ತರ ಬರದಿದ್ದರೆ ಕೂತ್ಕೊಳ್ತೀನಿ. ಎಳೆದು ಕೀಳೋದಿಲ್ಲ."

ವಿಚಾರಣೆ ನಡೆದದ್ದು ತರಬೇತಿಯ ಪಾಠದ ಕೋಣೆಯಲ್ಲಿ. ಕಪ್ಪುಹಲಗೆಯನ್ನು ಬಿಳಿ ಬಟ್ಟೆಯಿಂದ ಮುಚ್ಚಿ, ಮುಂದೆ ಉದ್ದನೆಯ ಮೇಜಿಟ್ಟು ಐವರು ಅಧಿಕಾರಿಗಳು ಕೂತಿದ್ದರು. ನಡುವೆ ಕೂತ ಅಧ್ಯಕ್ಷರು ತಾವೇ ನೂರಾರು ಸಲ ಜಿಗಿದವರು. ಸರ್ಕಾರದ ಪರವಾದ ಮೊದಲ ಸಾಕ್ಷಿ ದೊಡ್ಡಕ್ಕ. ಪ್ರತಿ ಹಂತವನ್ನೂ ನೋಡಿದ್ದೆ, ಆಗ ಸರಿಯಾಗಿಯೇ ಇತ್ತು ಎಂದಳು. ಹಾಗಾದರೆ ತಪ್ಪು ಹೇಗಾಯಿತು ಎಂದು ಕೇಳಿದಾಗ, ಎಡಚಿಯ ಕಡೆ ಕಣ್ಣೆತ್ತದೆ ಉತ್ತರಿಸಿದಳು: "ಕೆಲಸಗಾರ್ತಿ ಒಳ್ಳೆಯವಳೇ ಸಾರ್. ಆದರೆ ಹೆದರಿಕೆ ಜಾಸ್ತಿ. ಹೆದರಿದವರ ಕೈ ಎಲ್ಲಾದರೂ ಒಂದು ಕಡೆ ತಪ್ಪುತ್ತೆ."

ಪ್ರಶ್ನಿಸುವ ಸರದಿ ಬಂದಾಗ ಡಾಕ್ಟರು ಎಡಚಿಯತ್ತ ನೋಡಿದರು. ಅವಳು ತಲೆ ತಗ್ಗಿಸಿಯೇ ಇದ್ದಳು. ಅವರು ಪ್ರಶ್ನೆ ಇಲ್ಲವೆಂದು ಕೂತರು.

ಅವಳನ್ನು ಕರೆದದ್ದು ಮರುದಿನ ಬೆಳಿಗ್ಗೆ. ರಾತ್ರಿಯಿಡೀ ಮಗಳ ಕಾಲನ್ನು ಹಿಡಿದುಕೊಂಡೇ ಮಲಗಿದ್ದಳು. ಪ್ರಮಾಣ ಮಾಡಿಸಿದರು. ಕಟಕಟೆಯಂತೆ ಇಟ್ಟಿದ್ದ ಕುರ್ಚಿಯ ಬೆನ್ನನ್ನು ಹಿಡಿದು ನಿಂತಳು. ಡಾಕ್ಟರು ತಾವು ಹೇಳಿದ್ದ ಆ ಒಂದು ಪ್ರಶ್ನೆಯನ್ನು ಕೇಳಿದರು. ಅವರು ಕೂರಲು ಕುರ್ಚಿಯನ್ನು ಹಿಂದಕ್ಕೆ ಎಳೆದದ್ದು ಕೇಳಿಸಿತು.

"ನಾನಲ್ಲ," ಎಂದಳು. ಆಮೇಲೆ ದೊಡ್ಡಕ್ಕನ ಹೆಸರು ಹೇಳಿದಳು.

ಅಧ್ಯಕ್ಷರು ಪೆನ್ನು ಕೆಳಗಿಟ್ಟರು. "ಮಡಿಸೋದೇ ಕೆಲಸ ಆಗಿರೋಳು ತನ್ನದನ್ನ ಯಾಕೆ ಬೇರೆಯವರಿಂದ ಮಡಿಸ್ಕೋತಾಳೆ?"

"ಭಯ ಸಾರ್. ನಾನು ಮಡಿಸಿದ್ದು ನನ್ನ ಬೆನ್ನ ಮೇಲಿದ್ದರೆ ನನಗೆ ಉಸಿರಾಡೋಕೆ ಆಗೋದಿಲ್ಲ."

"ನೀನು ಮಡಿಸಿದ್ದನ್ನ ಕಟ್ಕೊಂಡು ಇದುವರೆಗೆ ಎಷ್ಟು ಜನ ಜಿಗಿದಿದ್ದಾರೆ?"

ಕಾರ್ಡುಗಳ ಪ್ರಕಾರ ಆರು ಸಾವಿರಕ್ಕೂ ಹೆಚ್ಚು ಎಂದಳು.

"ಅದರಲ್ಲಿ ಬಿಚ್ಚದೆ ಹೋದದ್ದು?"

"ಒಂದೂ ಇಲ್ಲ ಸಾರ್." ಹಿಂದೆಯೇ ಸೇರಿಸಿದಳು: "ಆದರೂ ಭಯ ಹೋಗಲಿಲ್ಲ."

ಡಾಕ್ಟರು ಹದಿನಾಲ್ಕು ಗಂಟುಗಳ ಫೋಟೋಗಳನ್ನು ಮೇಜಿನುದ್ದಕ್ಕೂ ಜೋಡಿಸಿದರು. ಐವರೂ ಬಗ್ಗಿ ನೋಡಿದರು. ಮಧ್ಯಾಹ್ನದ ಹೊತ್ತಿಗೆ ತೀರ್ಪು ಬಂತು. ನಿರ್ಲಕ್ಷ್ಯದ ಆರೋಪ ನಿಲ್ಲಲಿಲ್ಲ. ಸುಳ್ಳು ಸಹಿಗೆ ಎರಡು ತಿಂಗಳ ಬಂಧನ, ಒಂದು ದರ್ಜೆ ಕೆಳಗಿಳಿಕೆ. ಮೇಲಿನವರು ಅದನ್ನು ಒಪ್ಪಿ ಸಹಿ ಹಾಕುವವರೆಗೆ ಮೂರು ವಾರ ಅವಳು ತೀರ್ಪನ್ನು ನಂಬಲಿಲ್ಲ.

ಎರಡು ತಿಂಗಳು ಕಳೆದು ಮನೆಗೆ ಬಂದಾಗ ಮಗಳು ಅವಳ ಗುರುತು ಹಿಡಿದಳು. ಅಷ್ಟರಲ್ಲಿ ದೊಡ್ಡಕ್ಕನ ಮೇಲೂ ಆರೋಪಪತ್ರ ಬಂದಿತ್ತು. ತನ್ನ ಪರವಾಗಿ ಯಾರು ನಿಲ್ಲಬೇಕೆಂದು ಕೇಳಿದಾಗ ದೊಡ್ಡಕ್ಕ, ನನಗೂ ಆ ಹಲ್ಲಿನ ಡಾಕ್ಟರೇ ಬೇಕು ಎಂದಳಂತೆ. ಈ ಸಲ ಎಡಚಿ ಸಾಕ್ಷಿಯಾಗಿ ನಿಂತು, ಅದೇ ಡಾಕ್ಟರ ಪ್ರಶ್ನೆಗಳಿಗೆ ಉತ್ತರಿಸಬೇಕಾಯಿತು. ಹತ್ತೊಂಬತ್ತು ವರ್ಷದ ದಾಖಲೆಯನ್ನು ಅವರು ಪುಟಪುಟವಾಗಿ ಓದಿಸಿದರು. ದೊಡ್ಡಕ್ಕನಿಗೆ ಎಂಟು ತಿಂಗಳ ಸೆರೆಯಾಯಿತು.

ಸೇನೆಯ ಸೆರೆಮನೆಯಲ್ಲಿ ಹದಿನೈದು ದಿನಕ್ಕೊಮ್ಮೆ ಭೇಟಿಗೆ ಅವಕಾಶವಿತ್ತು. ಎಡಚಿ ನಾಲ್ಕು ಸಲ ಹೋದಳು. ನಾಲ್ಕು ಸಲವೂ ದೊಡ್ಡಕ್ಕ ಹೊರಗೆ ಬರಲಿಲ್ಲ. ಐದನೆಯ ಸಲ ಬಂದಳು. ಇಬ್ಬರ ನಡುವೆ ತಗಡು ಹೊದಿಸಿದ ಮೇಜು, ಮೂಲೆಯಲ್ಲಿ ಕಾವಲಿನ ಹೆಂಗಸು.

"ನನ್ನನ್ನ ಸಾಕ್ಷಿಗೆ ಕರೆದಾಗ ನನಗೂ ಹೆದರಿಕೆ ಆಗಿತ್ತು ಕಣೆ," ಎಂದಳು ದೊಡ್ಡಕ್ಕ. ಕ್ಷಮೆಯ ಮಾತನ್ನು ಇಬ್ಬರೂ ಎತ್ತಲಿಲ್ಲ. ದೊಡ್ಡಕ್ಕನೇ ಕೇಳಿದಳು, ಹಗ್ಗ ತಿರುಚಿದ್ದು ಯಾವ ಹಂತದಲ್ಲಿ ಅಂತ ವರದಿಯಲ್ಲಿ ಬರೆದಿದ್ದಾರಾ ಎಂದು. ಇಲ್ಲ, ಗೊತ್ತಾಗಲಿಲ್ಲವಂತೆ ಎಂದಳು ಎಡಚಿ.

ದೊಡ್ಡಕ್ಕ ಹೆಗಲ ಮೇಲಿದ್ದ ಸೆರೆಮನೆಯ ಟವೆಲ್ಲನ್ನು ತೆಗೆದು ಮೇಜಿನ ಮೇಲೆ ಹಾಸಿದಳು. ಆ ದಿನ ಮಡಿಸಿದಂತೆಯೇ, ಒಂದೊಂದು ಹಂತವನ್ನೂ ಬಾಯಲ್ಲಿ ಹೇಳುತ್ತಾ ಮಡಿಸತೊಡಗಿದಳು. ಎಡಚಿ ಎದುರಿಗೆ ನಿಂತು ಪರೀಕ್ಷಕಿಯಂತೆ ನೋಡಿದಳು. ಒಂದು ಸಲ ಮುಗಿಯಿತು. ಬಿಚ್ಚಿ ಮತ್ತೆ ಮೊದಲಿಂದ. ಮೂರು ಸಲ ನೋಡಿದರು. ಐದನೆಯ ಮಡಿಕೆ ತನ್ನ ಜಾಗದಲ್ಲೇ ಇತ್ತು, ಆರನೆಯದೂ ಇತ್ತು, ಕೈ ಎಲ್ಲಿಯೂ ತಡವರಿಸಲಿಲ್ಲ.

"ಸಿಕ್ಕಿತಾ?" ಎಂದಳು ದೊಡ್ಡಕ್ಕ.

"ಇಲ್ಲ ಅಕ್ಕ."

ಕಾವಲಿನ ಹೆಂಗಸು ಹೊತ್ತಾಯಿತೆಂದಳು. ಎಡಚಿ ಆಗ ಇನ್ನೂ ಅದೇ ಕೋಣೆಯಲ್ಲಿ, ಮೂರನೆಯ ಮೇಜಿನಲ್ಲೇ ಕೆಲಸಕ್ಕಿದ್ದಳು. ಮರುದಿನ ಬೆಳಿಗ್ಗೆ ಅವಳು ಮಡಿಸಬೇಕಾದ ಪ್ಯಾರಾಶೂಟ್‌ಗಳು ಒಂಬತ್ತಿದ್ದವು.