ಖಜಾಂಚಿಯನ್ನು ಕಟ್ಟಿಕೊಂಡ ಮೇಲೆ

ನಮ್ಮವರು ಕನ್ನಡ ಸಂಘದ ಖಜಾಂಚಿಯಾದದ್ದು ಅಂದು ಬೇರೆ ಯಾರೂ ಒಪ್ಪಲಿಲ್ಲವೆಂಬ ಕಾರಣಕ್ಕೆ. ಬೆಳಗಾವಿಯಿಂದ ಈ ಪರದೇಶಕ್ಕೆ ಬಂದ ಉಮಾಶಂಕರ, ಇಲ್ಲಿನ ಬೋಲ್ಟನ್ನಿನ ವೇರ್‌ಹೌಸಿನಲ್ಲಿ ದಿನವಿಡೀ ನಿಂತು ದುಡಿಯುವ ಮನುಷ್ಯ. ಅಧ್ಯಕ್ಷರು ಬಂದರು, ಹೋದರು. ಇವರು ಮಾತ್ರ ಕದಲಲಿಲ್ಲ. ಭಾನುವಾರ ಬಂತೆಂದರೆ ಸಂಘ, ಸಂಘ, ಸಂಘ! ನನಗೆ ತಲೆ ಕೆಟ್ಟುಹೋಗಿತ್ತು. ಈ ಹುದ್ದೆ ಒಮ್ಮೆ ತೊಲಗಲಪ್ಪಾ ಎಂದು ಕಂಡ ಕಂಡ ದೇವರಿಗೆಲ್ಲ ಕೈಮುಗಿದಿದ್ದೆ.

ಶಾಲೆಯಲ್ಲಿ ಇಂಗ್ಲೆಂಡಿನ ರಾಜರ ಪಾಠ ಓದಿ ಬಂದ ಮಗಳು ಸಾಹಿತ್ಯ, “ಅಪ್ಪಾ, ಯು ಆರ್ ದ ಕಿಂಗ್ಸ್ ಟ್ರೆಷರರ್! ಕಿಂಗ್ ಪಾರ್ಟಿ ಮಾಡ್ತಾನ, ಬೈಗಳಾ ನಿನಗ” ಎಂದು ನಕ್ಕಳು. ಇವರು ನಗಲಿಲ್ಲ.

ಈ ಸಲದ ರಾಜ, ಅಂದರೆ ಸಂಘದ ಅಧ್ಯಕ್ಷರು, ಇಲ್ಲೇ ಯೂನಿಯನ್‌ವಿಲ್ಲಿನಲ್ಲಿರುವ ಮಧುಸೂದನ್, ಮೈಸೂರಿನವರು. ರಾಜ್ಯೋತ್ಸವಕ್ಕೆ ಬೆಂಗಳೂರಿನಿಂದ ದೊಡ್ಡ ಗಾಯಕರನ್ನು ಕರೆಸುವ ಹುಚ್ಚು ಅವರಿಗೆ. ಅದಕ್ಕಾಗಿ ಕಣ್ಣು ಬಿದ್ದದ್ದು ಆಪತ್ತಿನ ನಿಧಿಯ ಮೇಲೆ. ಇಲ್ಲಿ ನಮ್ಮ ಮಂದಿ ಯಾರಾದರೂ ತೀರಿಕೊಂಡರೆ ಅಂತ್ಯಕ್ರಿಯೆಗೆ ಇರಲೆಂದು ಇವರು ಮನೆ ಮನೆ ತಿರುಗಿ ಕೂಡಿಸಿದ ದುಡ್ಡದು. ಫೋನಿನಲ್ಲಿ ಮಧುಸೂದನ್ ಬಿಡದೆ ತಲೆ ತಿಂದಾಗ ಇವರು ಬೇಸತ್ತು, “ಆತು ಬಿಡ್ರಿ” ಎಂದು ಫೋನಿಟ್ಟರು. ಇವರು ಹೇಳಿದ್ದು, ಸಾಕು, ಈ ಮಾತು ಇಲ್ಲಿಗೇ ನಿಲ್ಲಿಸಿ ಎಂದು. ಮೈಸೂರಿನ ಕಿವಿಗೆ ಅದು ಒಪ್ಪಿಗೆಯಾಗಿ ಕೇಳಿತು! ಮರುದಿನವೇ ವಾಟ್ಸಾಪಿನಲ್ಲಿ ಗಾಯಕರ ಫೋಟೋ.

ಅಂದಿನಿಂದ ಇವರಿಗೆ ಊಟ ಸೇರಲಿಲ್ಲ. ಬೇಸ್‌ಮೆಂಟಿನಲ್ಲಿ ಶತಪಥ ತಿರುಗಿದ್ದೇ ತಿರುಗಿದ್ದು. ನೋಡಿ ನೋಡಿ ನನಗೇ ತಲೆ ಸುತ್ತು ಬಂತು.

“ಕೊಟ್ಟು ಕೈ ತೊಳಕೊಳ್ರಿ, ಅತ್ಲಾಗ” ಎಂದೆ.

“ಅದು ಸತ್ತವರ ರೊಕ್ಕ, ಮಾಧುರಿ. ಕೊಡಾಕ ನಾ ಯಾರು?” ಎಂದರು.

ಥಾರ್ನ್‌ಹಿಲ್ಲಿನಲ್ಲಿ ಸಂಘದ ಮೀಟಿಂಗು. ನಾನೂ ಹೋಗಿದ್ದೆ. ಮಧುಸೂದನ್ ಎಲ್ಲರ ಮುಂದೆಯೇ, “ಆಯ್ತು ಅಂದೋರು ನೀವೇ ಅಲ್ವಾ ಸರ್? ಚೆಕ್‌ಗೆ ಸೈನ್ ಮಾಡಿ. ಆಗಲ್ಲ ಅಂದ್ರೆ ರಿಸೈನ್ ಮಾಡ್ಬಿಡಿ” ಎಂದರು.

ಇವರು ಎದ್ದು ನಿಂತರು. “ಬಿಡ್ತೀನ್ರಿ. ಆದ್ರ ಇನ್ನ ಮ್ಯಾಲೆ ಯಾರರ ತೀರ್ಕೊಂಡ್ರ, ಅವರ ಮನಿಯವರು ನಿಮಗ ಫೋನ್ ಮಾಡ್ತಾರ. ರೊಕ್ಕ ಹಾಡಿಗೆ ಹೋತು ಅಂತ ನೀವ ಹೇಳ್ರಿ.”

ಮಧುಸೂದನ್ ತಲೆ ತಗ್ಗಿಸಿದರು. ಇವರು ಕೋಟು ಹಾಕಿಕೊಳ್ಳತೊಡಗಿದರು. ಇನ್ನೇನು, ಭಾನುವಾರಗಳೆಲ್ಲ ನನ್ನವೇ ಆಗುವುದರಲ್ಲಿದ್ದವು. ಆದರೆ ನಾನು ಸಿಟ್ಟಿನಿಂದ ಇವರ ಕೋಟಿನ ತೋಳು ಹಿಡಿದು ಎಳೆದೆ.

“ಏ, ಕೂಡ್ರಿ ಸುಮ್ನ! ಇವರು ಈ ಹುದ್ದೆ ಬಿಡೂದಿಲ್ರಿ!” ಎಂದು ಸಭೆಗೆಲ್ಲ ಕೇಳುವಂತೆ ಕೂಗಿದವಳು ನಾನೇ.