ಅವ್ವನ ಅಳು, ನನ್ನ ಬಾಯಲ್ಲಿ

ತಾರ್ನಾಕದ ಮನೆಯಲ್ಲಿ ನಾನು ಕನ್ನಡ ಕಲಿತದ್ದು ಅಜ್ಜಿ ಮತ್ತು ಅವಳ ಇಬ್ಬರು ತಂಗಿಯರ ಬಾಯಿಂದ. ಶಾಲೆಯಲ್ಲಿ ತೆಲುಗು, ಓಣಿಯಲ್ಲಿ ಹಿಂದಿ. ಮೂವತ್ತು ದಾಟುವವರೆಗೂ ನನಗೆ ಕನ್ನಡದಲ್ಲಿ ಹರಟಲು ಬರುತ್ತಿತ್ತು, ಬರೆಯಲು ಬರುತ್ತಿರಲಿಲ್ಲ. ಕೈ ಹಿಡಿದು ಅಕ್ಷರ ತಿದ್ದಿಸಿದವಳು ಒಬ್ಬ ಗೆಳತಿ. ನನಗಿಂತ ನಾಲ್ಕು ವರ್ಷ ಚಿಕ್ಕವಳು. ತಮ್ಮನಿಗೆ ಜೀಡಿಮೆಟ್ಲಾದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಾಗ ತಾಯಿಯ ಜೊತೆ ರಾಯಚೂರು ಕಡೆಯಿಂದ ಬಂದವಳು.

ಕನ್ನಡ ಸಂಘದ ಹೆಣ್ಣುಮಕ್ಕಳಿಗಾಗಿ ನಾವಿಬ್ಬರೂ ವರ್ಷಕ್ಕೊಂದು ನಾಟಕ ಕಟ್ಟುತ್ತಿದ್ದೆವು. ಭಾನುವಾರ ನಾನು ಅಡ್ಡಾಡುತ್ತ ಹೇಳುವುದು, ಅವಳು ನೆಲದ ಮೇಲೆ ಕೂತು ಬರೆದುಕೊಳ್ಳುವುದು. ಹತ್ತು ಮಾತು ಹೇಳಿದರೆ ಆರು ಬರೆಯುತ್ತಿದ್ದಳು.

“ಉಳದದ್ದು ಯಾಕ ಬಿಟ್ಟಿ?”

“ಅದು ನಿಮ್ಮ ಸಣ್ಣಜ್ಜಿ ಸಂಸಾರದ ಮಾತು ಐತಿ, ಅಕ್ಕಾ. ಮಂದಿ ಮುಂದ ಯಾಕ? ನಿನ್ನ ಬಾಯಿಗೆ ಜರಡಿ ಇಲ್ಲ, ಅದಕ್ಕ ನಾ ಕುಂತೀನಿ.”

ಬಯ್ದಾಡುತ್ತಿದ್ದೆ, ಆದರೆ ಅವಳು ಬಿಟ್ಟದ್ದನ್ನು ರಂಗದ ಮೇಲೆ ಎಂದೂ ಆಡಿರಲಿಲ್ಲ.

ಒಂದು ಸಂಜೆ ಪಾಳಿ ಮುಗಿಸಿ ಬರುತ್ತಿದ್ದ ಅವಳ ತಮ್ಮನ ಬೈಕಿಗೆ ಲಾರಿ ಬಡಿಯಿತು. ನಾನು ಹೋಗುವಷ್ಟರಲ್ಲಿ ಹೆಣ ಅಂಗಳಕ್ಕೆ ಬಂದಿತ್ತು. ನಮ್ಮ ಕಡೆ ಹೆಂಗಸರು ಹೆಣದ ಮುಂದೆ ಹಾಡಿಕೊಂಡು ಅಳುತ್ತಾರೆ. ಗೆಳತಿಯ ಅವ್ವ ಮಗನ ಎದೆಯ ಮೇಲೆ ಕೈಯಿಟ್ಟು, ಅವನು ಬಿಟ್ಟುಹೋದ ಒಂದೊಂದೇ ಸಾಮಾನು ಎಣಿಸುತ್ತ ಅತ್ತಳು. ಒಗೆದು ಹಾಕಿದ ಅಂಗಿ, ಕಟ್ಟಿಕೊಟ್ಟ ಡಬ್ಬಿ, ಅರ್ಧ ಉಳಿದ ತಲೆಯೆಣ್ಣೆ. ಪ್ರತಿ ಸಾಲಿನ ಕೊನೆಗೂ ಅವನನ್ನು ಎಳೆದು ಎಳೆದು ಕರೆದಳು. ನಾನು ಪಕ್ಕದಲ್ಲೇ ಕೂತು ಅವಳ ಬೆನ್ನು ಸವರುತ್ತಿದ್ದೆ. ಒಮ್ಮೆ ಕೇಳಿದ ಮಾತು ದನಿಯ ಸಮೇತ ಗಂಟಲಲ್ಲಿ ಉಳಿಯುವುದು ನನ್ನ ಹುಟ್ಟುಗುಣ. ಅದೂ ಉಳಿಯಿತು.

ಎರಡು ವರ್ಷದ ಮೇಲೆ ಒಂದು ನಗೆನಾಟಕ. ಧಾರಾವಾಹಿಯ ಹೊತ್ತಿಗೆ ಟಿವಿ ಸುಟ್ಟುಹೋದ ಮುದುಕಿ ನಾನು. ಗೆಳತಿ ಪರದೆಯ ಹಿಂದೆ ಪುಸ್ತಕ ಹಿಡಿದು ಮಾತು ನೆನಪಿಸುವವಳು. ಸೊಸೆಯ ಪಾತ್ರದವಳು ಕೊಂಡಾಪುರದಿಂದ ಬರುತ್ತ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದಳು. ಅವಳು ಒಳಗೆ ಬರಬೇಕಾದ ಸಾಲು ಬಂತು, ಅವಳಿಲ್ಲ.

“ಗೇಟಿನ ತನಾ ಬಂದಾಳಂತ. ಐದು ನಿಮಿಷ ಏನರ ಮಾತಾಡು,” ಗೆಳತಿ ಪರದೆಯ ಹಿಂದಿನಿಂದ ಪಿಸುಗುಟ್ಟಿದಳು.

ನಾನು ಟಿವಿಯ ಮುಂದೆ ಕುಕ್ಕರಿಸಿ ಕೂತು ಅದರ ಮೇಲೆ ಕೈಯಿಟ್ಟು ಹಾಡಿಕೊಂಡು ಅತ್ತೆ. ರಿಮೋಟು, ಕೇಬಲ್ಲು, ಬಟ್ಟೆಯ ಹೊದಿಕೆ ಎಂದು ಒಂದೊಂದೇ ಎಣಿಸಿದೆ. ಎಳೆತ ಅವ್ವನದೇ. ಕೊನೆಯ ಕರೆಯೂ ಅವ್ವನದೇ. ಜನ ಬಿದ್ದು ಬಿದ್ದು ನಕ್ಕರು. ಯಾರ ದನಿ ಅದೆಂದು ಮೂರನೆಯ ಸಾಲಿಗೆ ನನಗೆ ಹೊಳೆಯಿತು. ಆದರೂ ನಿಲ್ಲಿಸಲಿಲ್ಲ. ಗೊತ್ತಾಗದೆ ಆಯಿತೆಂದು ಇವತ್ತಿಗೂ ಹೇಳಿಕೊಳ್ಳಲಾರೆ. ಆ ನಗು ನನಗೆ ಬೇಕಾಗಿತ್ತು.

ಪ್ರೇಕ್ಷಕರ ಮೊದಲ ಸಾಲಿನಲ್ಲಿ ಅವ್ವ ಕೂತಿದ್ದಳು. ಆ ಹೊತ್ತಿಗೆ ಅವಳ ಕಿವಿ ಮಂದವಾಗಿತ್ತು. ಅಕ್ಕಪಕ್ಕದವರ ಮುಖ ನೋಡಿ, ಸೆರಗು ಬಾಯಿಗೆ ಹಿಡಿದು, ತಾನೂ ನಕ್ಕಳು.

ನಾಟಕ ಮುಗಿದ ಮೇಲೆ ಗೆಳತಿ ಬಯ್ಯಲಿಲ್ಲ. ಪುಸ್ತಕ ನನ್ನ ಚೀಲದಲ್ಲಿಟ್ಟು ಅವ್ವನನ್ನು ಕರೆದುಕೊಂಡು ಹೊರಟುಹೋದಳು. ನಾಲ್ಕನೆಯ ದಿನ ನಾನೇ ಜೀಡಿಮೆಟ್ಲಾಕ್ಕೆ ಹೋದೆ. ಬಾಗಿಲಲ್ಲೇ ತಡೆದಳು.

“ಯಾಕ ಬಂದಿ?”

“ಅವ್ವನ ಕಾಲು ಹಿಡ್ಕೊಂತೀನಿ. ತಪ್ಪಾತು ಅಂತೀನಿ.”

“ಏನ್ ತಪ್ಪು ಅಂತ ಅಕಿ ಕೇಳ್ತಾಳ. ಏನ್ ಹೇಳ್ತಿ? ನಿನ್ನ ಮಗನ್ನ ಕರದು ಅತ್ತಿದ್ಯಲ್ಲಾ, ಅದನ್ನ ಕೇಳಿ ಮಂದಿ ನಕ್ಕರು, ನೀನೂ ನಕ್ಕಿ ಅಂತ ಹೇಳ್ತಿ? ಹೇಳಿ ನೀ ಹಗುರಾಗಿ ಮನಿಗೆ ಹೋಗ್ತಿ. ಅಕಿ?”

“ನಿನ್ನನ್ನರ ತಪ್ಪಾತು ಅಂತ ಕೇಳ್ಕೋತೀನಿ,” ಎಂದೆ.

“ನನ್ನ ಏನ್ ಕೇಳ್ತಿ? ಏನರ ಮಾತಾಡು ಅಂದಾಕಿ ನಾನ. ನನಗ ಮದಲ ನಿದ್ದಿ ಬರವಲ್ದು.”

ಬಾಗಿಲಲ್ಲಿ ಯಾರೋ ನಿಂತದ್ದು ಕಂಡು ಒಳಗಿನಿಂದ ಅವ್ವ ಕೂಗಿದಳು: “ಯಾರ ಬಂದಾರ? ಒಳಗ ಕರಿಯ, ಹೊರಗ ನಿಂದರಸ್ತಿ?” ಹೀಗಾಗಿ ಒಳಗೆ ಹೋದೆ. ಅವ್ವ ನನ್ನ ಕೈ ಹಿಡಿದು ಎಳೆದು ಪಕ್ಕದಲ್ಲಿ ಕೂರಿಸಿಕೊಂಡಳು. ಗೆಳತಿ ಒಳಗೆ ರೊಟ್ಟಿ ಬಡಿಯಲು ಕೂತಳು.

“ಭಾಳ ನಗಿಸಿದಿ ನೋಡವ್ವ,” ಎಂದಳು ಅವ್ವ. “ಮಗಾ ಹೋದ ಮ್ಯಾಲ ಅವತ್ತ ನಕ್ಕಿದ್ದು ನಾ. ಖರೇ ಹೇಳಲೇನು, ನನಗೇನೂ ಕೇಳಲಿಲ್ಲ. ಮಂದಿ ನಕ್ಕರು, ನಾನೂ ನಕ್ಕೆ. ಟಿವಿ ಮುಂದ ಕುಂತು ಏನೋ ಹಾಡಿದ್ಯಲ್ಲ, ಅದನ್ನ ಇಲ್ಲೆ ಕಿವ್ಯಾಗ ಜೋರಾಗಿ ಒಮ್ಮೆ ಹಾಡ.”

ರೊಟ್ಟಿ ಬಡಿಯುವ ಸದ್ದು ನಿಂತಿತು.

ತಪ್ಪೊಪ್ಪಿಕೊಳ್ಳಲು ಬಂದವಳ ಮುಂದೆ ಬಾಗಿಲು ತಾನಾಗಿಯೇ ತೆರೆದಿತ್ತು. ಒಂದು ಮಾತು ಸಾಕಾಗಿತ್ತು. ಹೇಳಿದ್ದರೆ ಅವ್ವ ಅಳುತ್ತಿದ್ದಳು, ಆಮೇಲೆ ನನ್ನ ತಲೆ ಸವರಿ ಕ್ಷಮಿಸಿಬಿಡುತ್ತಿದ್ದಳು. ಅವಳ ಸ್ವಭಾವ ನನಗೆ ಗೊತ್ತು. ಗೊತ್ತಿದ್ದೇ ಬಂದಿದ್ದೆ ಎಂದು ಆ ಕ್ಷಣ ನನಗೇ ಅರಿವಾಯಿತು.

“ಮರತೀನ್ರಿ, ಅವ್ವ,” ಎಂದು ಕಿವಿಯ ಹತ್ತಿರ ಕೂಗಿದೆ.

“ಅಯ್ಯ! ನಾಕ ದಿನದಾಗ ಮರತ್ಯಾ? ನನಕಿಂತ ಮದಲ ಮುದುಕಿ ಆದಿ ನೋಡ,” ಎಂದು ನಕ್ಕಳು.

ಸ್ವಲ್ಪ ಹೊತ್ತಿಗೆ ರೊಟ್ಟಿಯ ಸದ್ದು ಮತ್ತೆ ಶುರುವಾಯಿತು. ಗೆಳತಿ ನನಗೂ ತಟ್ಟೆ ಹಾಕಿದಳು. ತಿಂದೆ. ಹೊರಗೆ ಚಪ್ಪಲಿ ಮೆಟ್ಟುತ್ತಿದ್ದಾಗ ಹಿಂದೆ ಬಂದು ನಿಂತಳು. ಅಷ್ಟು ಹೊತ್ತಿಗೆ, ಅವಳು ಮತ್ತೆ ಮೊದಲಿನಂತಾದಾಳೆಂಬ ಆಸೆ ನನ್ನಲ್ಲಿ ಹುಟ್ಟಿಬಿಟ್ಟಿತ್ತು.

“ಹೇಳಲಿಲ್ಲ, ಛಲೋ ಮಾಡಿದಿ,” ಎಂದಳು. “ಅವ್ವನ್ನ ನೋಡಾಕ ಬಾ, ಅಕ್ಕಾ. ಅಕಿಗೆ ನೀ ಬೇಕು. ನನ್ನ ನೋಡಾಕ ಬರಬ್ಯಾಡ.”

ತಿಂಗಳಿಗೊಮ್ಮೆ ಹೋಗುತ್ತೇನೆ. ಅವಳು ಬಾಗಿಲು ತೆಗೆದು ಒಳಗೆ ಹೋಗಿಬಿಡುತ್ತಾಳೆ. ಅವ್ವ ಮಾತ್ರ ಪ್ರತಿ ಸಲ, “ಈ ವರ್ಷ ಯಾವ ನಾಟಕ ಮಾಡಾಕತ್ತೀರಿ ಇಬ್ಬರೂ?” ಎಂದು ಕೇಳುತ್ತಾಳೆ. “ಇನ್ನೂ ಬರಿಯಾಕತ್ತೀವ್ರಿ, ಅವ್ವ,” ಎಂದು ಕಿವಿಯಲ್ಲಿ ಕೂಗುತ್ತೇನೆ. ಅಡುಗೆಮನೆಯಲ್ಲಿರುವ ಗೆಳತಿಗೆ ಅದು ಕೇಳಿಸುತ್ತದೆ. ಅವಳು ಹೌದು ಅನ್ನುವುದಿಲ್ಲ, ಅಲ್ಲ ಅನ್ನುವುದಿಲ್ಲ.